ಮೂವತ್ತೊಂದನೇ ನಂಬರು

“ನಾನು ಒತ್ತಿಲ್ಲ ಕಣೋ.” ಚಿಕ್ಕಮ್ಮ ಹೇಳಿದ್ದು ಇಷ್ಟೇ. ಇಷ್ಟನ್ನು ನಂಬಲು ನನಗೆ ಸಾಕ್ಷಿ ಬೇಕಾಯಿತು. ಸಾಕ್ಷಿ ತಯಾರಿಸಲು ಕೆಲಸಕ್ಕೆ ಒಂದು ವಾರ ರಜೆ ಹಾಕಿದೆ. ಕೊನೆಗೆ ನಾನು ಎಂಥ ಮುಠ್ಠಾಳ ಎಂಬುದು ದಿನ, ಗಂಟೆ, ನಿಮಿಷ, ಸೆಕೆಂಡು ಸಮೇತ ಕಂಪ್ಯೂಟರಿನಲ್ಲಿ ದಾಖಲಾಯಿತು. ಜಗತ್ತಿನಲ್ಲಿ ಮುಠ್ಠಾಳರಿಗೇನು ಬರಗಾಲವಿಲ್ಲ. ಆದರೆ ತಮ್ಮ ಮುಠ್ಠಾಳತನವನ್ನು ಬರೆದಿಡುವ ವ್ಯವಸ್ಥೆಯನ್ನು ತಾವೇ ಕೂತು ಮಾಡಿಕೊಂಡವರು ನನ್ನನ್ನು ಬಿಟ್ಟರೆ ಹೆಚ್ಚು ಜನ ಇರಲಾರರು.

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಒಬ್ಬ ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೌಂಟರಿನ ಕುರ್ಚಿ ಅವಳದು. ಹೊರಗಿನ ಕೋಣೆಯಲ್ಲಿ ಹದಿನಾಲ್ಕು ಕುರ್ಚಿ, ಗೋಡೆಯ ಉದ್ದಕ್ಕೂ ಒಂದು ಬೆಂಚು, ಒಳಗೆ ಡಾಕ್ಟರ ಕತ್ತಲೆ ಕೋಣೆ. ಬಂದವರಿಗೆ ನಂಬರಿನ ಚೀಟಿ ಕೊಡುವುದು, ಕಣ್ಣಿಗೆ ಹನಿ ಹಾಕಿ ಕೂರಿಸುವುದು, ಸರದಿ ಬಂದಾಗ ಕೂಗುವುದು ಅವಳ ಕೆಲಸ. ಮೊದಲೆಲ್ಲ ರಟ್ಟಿನ ತುಂಡುಗಳ ಮೇಲೆ ನಂಬರು ಬರೆದಿಟ್ಟುಕೊಂಡು ಬಾಯಲ್ಲೇ ಎಲ್ಲ ನಡೆಸುತ್ತಿದ್ದಳು. ಒಬ್ಬರೂ ದೂರಿದ್ದಿಲ್ಲ. ನಾನು ಹೋಗಿ ಉದ್ಧಾರ ಮಾಡುವ ತನಕ ಅಲ್ಲಿ ಎಲ್ಲ ಚೆನ್ನಾಗಿಯೇ ಇತ್ತು.

ಉದ್ಧಾರ ಮಾಡು ಅಂತ ನನ್ನನ್ನು ಯಾರೂ ಕರೆದಿರಲಿಲ್ಲ. ಒಂದು ದಿನ ಅವಳಿಗೆ ಕೊಡೆ ಕೊಡಲು ಹೋದವನು ಆ ರಟ್ಟಿನ ತುಂಡುಗಳನ್ನು ನೋಡಿ ಮರುಗಿದೆ. “ಈ ಕಾಲದಲ್ಲಿ ಇದೇನು ಚಿಕ್ಕಮ್ಮ” ಅಂದೆ. ಪಾಪ, ಅವಳು ನನ್ನ ಮಾತು ಕೇಳಿ ಡಾಕ್ಟರ ಹತ್ತಿರ ಹೋಗಿ, “ನಮ್ಮಕ್ಕನ ಮಗ, ಕಂಪ್ಯೂಟರಲ್ಲಿ ಭಾರೀ ಬುದ್ಧಿವಂತ, ಮಾಡಿಕೊಡ್ತಾನಂತೆ” ಎಂದಳು. ಆ ಶಿಫಾರಸಿನ ಜವಾಬ್ದಾರಿಯನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಾನು ಬರೆದದ್ದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪುಟ್ಟ ವೆಬ್ ಸರ್ವರ್. ಪುಟ್ಟದು ಅಂದರೆ ಅದಕ್ಕೆ ಬೇರೆ ಮನೆಮಠ ಇಲ್ಲ, ನನ್ನ ಪ್ರೋಗ್ರಾಮಿನ ಹೊಟ್ಟೆಯೊಳಗೇ ಇರುತ್ತದೆ. ಪ್ರೋಗ್ರಾಮ್ ಎದ್ದರೆ ತಾನೂ ಏಳುತ್ತದೆ, ಮಲಗಿದರೆ ತಾನೂ ಮಲಗುತ್ತದೆ. ಯಾರಾದರೂ ಒಂದು ವಿಳಾಸ ಕೇಳಿದರೆ ಉತ್ತರ ಕೊಡುವುದು ಅದರ ಕೆಲಸ. ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ಒಂದೇ ಒಂದು ದೊಡ್ಡ ಗುಂಡಿ, ಅದರ ಮೇಲೆ ‘ಮುಂದಿನವರು’. ಅದನ್ನು ಒತ್ತಿದರೆ ಸರ್ವರಿನ ‘ಮುಂದೆ’ ಎಂಬ ವಿಳಾಸಕ್ಕೆ ಕೋರಿಕೆ ಹೋಗುತ್ತದೆ. ಕೂಡಲೇ ಅವಳ ತಲೆಯ ಮೇಲೆ, ಹಿಂದಿನ ಗೋಡೆಗೆ ಹಾಕಿದ ಬೋರ್ಡಿನಲ್ಲಿ ನಂಬರು ಒಂದು ಹೆಚ್ಚಾಗುತ್ತದೆ. ಡಾಕ್ಟರ ಪರದೆಯಲ್ಲಿ ಹಳೆಯ ರೋಗಿಯ ವಿವರ ‘ನೋಡಿ ಆಯಿತು’ ಎಂದು ಮುಚ್ಚಿಕೊಂಡು ಹೊಸಬರದು ತೆರೆದುಕೊಳ್ಳುತ್ತದೆ. ಇಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನಗೆ ಅದನ್ನು ಎಷ್ಟು ನೋಡಿದರೂ ಸಾಲದು.

ಚಿಕ್ಕಮ್ಮ ಮೊದಲ ದಿನವೇ ಎರಡು ಮಾತು ಕೇಳಿದ್ದಳು.

“ಪುಟ್ಟ, ಈಗ ಯಾವ ನಂಬರು ಅಂತ ನನಗೂ ಇಲ್ಲೇ ಕಾಣೋ ಹಾಗೆ ಮಾಡೋ. ಪ್ರತಿ ಸಲ ಕತ್ತು ತಿರುಗಿಸಿ ಮೇಲೆ ನೋಡ್ಬೇಕು. ಮತ್ತೆ, ತಪ್ಪಿ ಹೋದ್ರೆ ಹಿಂದಕ್ಕೆ ಬರೋಕೂ ಒಂದು ಗುಂಡಿ ಇರ್ಲಿ.”

ನನಗೆ ನಲವತ್ತು ಹತ್ತಿರ ಬಂದಿದೆ, ಅವಳಿಗೆ ಇನ್ನೂ ಪುಟ್ಟ. ನಾನು ನಕ್ಕುಬಿಟ್ಟೆ. “ಕ್ಯೂ ಅಂದ್ರೆ ಮುಂದೆ ಹೋಗೋದು ಚಿಕ್ಕಮ್ಮ, ಹಿಂದೆ ಬರೋದಲ್ಲ. ಒಂದೇ ಗುಂಡಿ ಇರೋದೇ ಇದರ ಚೆಂದ.” ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿದಳು ಅಂತ ನಾನು ತಿಳಿಯುತ್ತಿದ್ದೆ.

ಎರಡನೇ ವಾರದಿಂದ ಗೋಳು ಶುರುವಾಯಿತು. ಬೋರ್ಡಿನಲ್ಲಿ ನಂಬರು ಹಾರತೊಡಗಿತು. ಮೂವತ್ತನೆಯವರು ಒಳಗಿದ್ದು, ಅವರು ಹೊರಗೆ ಬಂದ ಮೇಲೆ ಚಿಕ್ಕಮ್ಮ ಗುಂಡಿ ಒತ್ತಿ, ಕತ್ತು ತಿರುಗಿಸಿ ನೋಡಿದರೆ ಮೂವತ್ತೆರಡು ಅಂತ ಇರುತ್ತಿತ್ತು. ಅವಳು ಇದ್ದದ್ದನ್ನು ಕೂಗುತ್ತಿದ್ದಳು. ಮೂವತ್ತೊಂದನೆಯವರು ಎದ್ದು ನಿಂತು ಜಗಳಕ್ಕೆ ಬರುತ್ತಿದ್ದರು. ಅವರ ವಿವರ ಆಗಲೇ ‘ನೋಡಿ ಆಯಿತು’ ಎಂದು ಮುಚ್ಚಿಹೋಗಿರುತ್ತಿತ್ತು, ಹಿಂದಕ್ಕೆ ಬರುವ ಗುಂಡಿಯನ್ನು ಒಬ್ಬ ಭಾರೀ ಬುದ್ಧಿವಂತ ಬೇಡ ಅಂದಿದ್ದ. ಹಾಗಾಗಿ ಅವರು ಹೊಸ ಚೀಟಿ ತೆಗೆದುಕೊಂಡು ಸಾಲಿನ ಕೊನೆಗೆ ಹೋಗಬೇಕು. ದಿನಕ್ಕೆ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತಿತ್ತು, ಕೆಲವು ದಿನ ಯಾರಿಗೂ ಇಲ್ಲ.

ಜನ ಸುಮ್ಮನಿರುತ್ತಾರೆಯೇ? ಗುರುತಿನವರನ್ನು ಮುಂಚೆ ಬಿಡ್ತಾಳೆ ಅಂದರು. ಕೈಗೆ ಏನೋ ಬಂದಿರಬೇಕು ಅಂತಲೂ ಒಬ್ಬರು ಅಂದರಂತೆ. ಹತ್ತೊಂಬತ್ತು ವರ್ಷ ಡಾಕ್ಟರ ಸ್ವಂತ ಅಣ್ಣ ಬಂದರೂ ಚೀಟಿ ಕೊಟ್ಟು ಕೂರಿಸಿದವಳು ಆ ಮಾತನ್ನು ಕೇಳಿಸಿಕೊಂಡಳು. ಪ್ರತಿ ಸಲವೂ ಎದ್ದು ನಿಂತು, “ನನ್ನ ಕೈ ತಪ್ಪು, ಬೇಜಾರು ಮಾಡ್ಕೋಬೇಡಿ” ಅನ್ನುತ್ತಿದ್ದಳು. ನಾನೇ ಎರಡು ಸಲ ಕಿವಿಯಾರೆ ಕೇಳಿದ್ದೇನೆ.

ಸೋಮವಾರ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ, ಆದರೆ ದಿನವೂ ಬಾಗಿಲಾಚೆ ಗಲಾಟೆ ಕೇಳಿ ಕೇಳಿ ಬೇಸತ್ತಿದ್ದರು. “ಶನಿವಾರದ ತನಕ ನೋಡ್ತೀನಮ್ಮ” ಎಂದರು ಚಿಕ್ಕಮ್ಮನಿಗೆ. “ಸರಿ ಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಕೌಂಟರಿಗೆ ಬೇರೆ ಯಾರನ್ನಾದ್ರೂ ಕೂರಿಸ್ತೀನಿ. ನೀವು ಮನೇಲಿ ಆರಾಮಾಗಿರಿ. ವಯಸ್ಸೂ ಆಯ್ತಲ್ಲ.”

ಹೊರಗೆ ಬಂದ ಮೇಲೆ ಚಿಕ್ಕಮ್ಮ ನನ್ನ ತೋಳು ಹಿಡಿದು ಮೆಲ್ಲಗೆ, “ನಾನು ಒತ್ತಿಲ್ಲ ಕಣೋ” ಎಂದಳು.

“ಒಂದ್ಸಲ ಒತ್ತೋ ಕಡೆ ನಿನಗೆ ಗೊತ್ತಿಲ್ಲದೆ ಎರಡ್ಸಲ ಒತ್ತಿರ್ತೀಯ. ವಯಸ್ಸಾದವರ ಬೆರಳು ನಡುಗತ್ತೆ.”

“ನನ್ನ ಬೆರಳು ನಡುಗಿದ್ರೆ ಜನರ ಕಣ್ಣಿಗೆ ಹನಿ ಹೇಗೋ ಹಾಕ್ಲಿ?”

“ಮತ್ತೆ ಎಲ್ಲರ ಮುಂದೆ ನೀನೇ ನನ್ನ ಕೈ ತಪ್ಪು ಅಂತೀಯಲ್ಲ.”

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಮೇಜಿನ ಕೆಳಗಿಂದ ಒಂದು ನೋಟುಪುಸ್ತಕ ತೆಗೆದು ತೋರಿಸಿದಳು. ನಂಬರು ಹಾರಿದಾಗಲೆಲ್ಲ ಬರೆದಿಟ್ಟಿದ್ದಳು: ದಿನ, ಗಂಟೆ, ತಪ್ಪಿದ ನಂಬರು, ಆ ರೋಗಿ ಯಾರು. ಹತ್ತು ಸಾಲಿತ್ತು. ನಾನು ಅದನ್ನು ತಿರುವಿಹಾಕಿ ವಾಪಸು ಕೊಟ್ಟೆ. ಕೈಬರಹದ ನೋಟುಪುಸ್ತಕ ಯಾವ ಸಾಕ್ಷಿ? “ಇದೆಲ್ಲ ನಡೆಯಲ್ಲ ಚಿಕ್ಕಮ್ಮ. ಸರ್ವರಿಗೆ ಲಾಗ್ ಹಾಕ್ತೀನಿ. ಯಾರು, ಎಷ್ಟು ಹೊತ್ತಿಗೆ, ಏನು ಕೇಳಿದ್ರು ಅಂತ ಅದೇ ಬರ್ಕೊಳ್ಳತ್ತೆ. ಯಂತ್ರ ಸುಳ್ಳು ಹೇಳಲ್ಲ” ಎಂದೆ. ಅವಳ ಬೆರಳು ಎರಡು ಸಲ ಒತ್ತಿದ್ದು ಅದರಲ್ಲಿ ಸಿಕ್ಕರೆ, ಆ ಗುಂಡಿಗೆ ಒಂದು ತಡೆ ಹಾಕಿ ಕೆಲಸ ಉಳಿಸಿಕೊಡಬಹುದು ಎಂಬುದು ನನ್ನ ದೊಡ್ಡ ಮನಸ್ಸಿನ ಯೋಜನೆ.

ಈ ಲಾಗ್ ಎಂಬುದನ್ನು ಮೊದಲ ದಿನವೇ ಹಾಕಬೇಕಿತ್ತು. ಹಾಕಿರಲಿಲ್ಲ. ಬೇಡದ ಕಸ ಅಂತ ಬಿಟ್ಟಿದ್ದೆ. ಬರೆಯಬೇಕಾದದ್ದು ಆರೇಳು ಸಾಲು. ಯಾವ ಹೆಸರಿನ ಕಡತಕ್ಕೆ ಬರೆಯಬೇಕು, ಅದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ದಿನಕ್ಕೊಂದು ಹೊಸ ಕಡತ ತೆರೆಯಬೇಕೇ, ಪ್ರತಿ ಸಾಲಿನಲ್ಲಿ ಏನೇನಿರಬೇಕು. ಮಂಗಳವಾರ ಬೆಳಿಗ್ಗೆ ಬರೆದು, ಸರ್ವರ್ ಮತ್ತೆ ಶುರು ಮಾಡಿ, ಎದುರಿನ ಕ್ಷೌರದಂಗಡಿಗೆ ಹೋದೆ. ಕತ್ತರಿ ಆಡಿಸುತ್ತಿದ್ದವನಿಗೆ ಸುಮ್ಮನಿರಲಾರದೆ ಫೋನು ತೆಗೆದು ತೋರಿಸಿದೆ. “ನೋಡಿ, ಆ ಕ್ಲಿನಿಕ್ಕಲ್ಲಿ ಈಗ ಇಪ್ಪತ್ತಾರನೇ ರೋಗಿ. ಇಲ್ಲಿ ಕೂತೇ ಕಾಣತ್ತೆ. ನಾನೇ ಮಾಡಿದ್ದು.” ಹೊರಗಿನಿಂದಲೂ ಕಾಣಲಿ ಅಂತಲೇ ನಾನು ಸರ್ವರಿನ ಬಾಗಿಲು ತೆರೆದಿಟ್ಟಿದ್ದೆ. ಬೀಗ ಹಾಕಿರಲಿಲ್ಲ, ಕಣ್ಣಿನ ಕ್ಲಿನಿಕ್ಕಿನ ನಂಬರು ಕದಿಯಲು ಯಾರು ಬರುತ್ತಾರೆ ಅಂತ.

ಸಂಜೆ ಹೋಗಿ ಕಡತ ತೆರೆದರೆ ಖಾಲಿ. ಅವತ್ತು ನಲವತ್ತು ಜನ ಬಂದು ಹೋಗಿದ್ದರು, ನಂಬರೂ ಒಂದು ಸಲ ಹಾರಿತ್ತು, ಲಾಗಿನಲ್ಲಿ ಒಂದಕ್ಷರ ಇಲ್ಲ. ಒಂದು ತಾಸು ಸರ್ವರನ್ನು ಬೈದೆ, ಜಾವಾವನ್ನು ಬೈದೆ, ಅವೆರಡನ್ನೂ ಕಂಡುಹಿಡಿದವರನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲಾಗ್ ಬರೆಯುವವನನ್ನು ತಯಾರು ಮಾಡಿದ್ದೆ, ಆದರೆ ಅವನನ್ನು ಸರ್ವರಿಗೆ ಜೋಡಿಸಿಯೇ ಇರಲಿಲ್ಲ. ಗುಮಾಸ್ತನನ್ನು ನೇಮಿಸಿ, ಹಾಳೆ ಪೆನ್ನು ಕೊಟ್ಟು, ಬಾಗಿಲ ಹೊರಗೆ ಕೂರಿಸಿದ ಹಾಗೆ. ಒಂದು ಸಾಲು ಸೇರಿಸಿದ ಮೇಲೆ ಸರಿಯಾಯಿತು.

ಬುಧವಾರ ಲಾಗ್ ತುಂಬಿತು. ಎಂಥ ಚೆಂದ. ಸಾಲಿನ ಮೊದಲಿಗೆ ಕೇಳಿದವರ ಕಂಪ್ಯೂಟರಿನ ವಿಳಾಸ, ಆಮೇಲೆ ದಿನಾಂಕ, ಗಂಟೆ, ಏನು ಕೇಳಿದರು, ಯಾವ ಯಂತ್ರದಿಂದ ಕೇಳಿದರು. ಚಿಕ್ಕಮ್ಮನ ನೋಟುಪುಸ್ತಕ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಅವತ್ತು ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹದಿನೆಂಟನೇ ನಂಬರು ಹಾರಿತು ಅಂತ ಬರೆದಿದ್ದಳು. ಲಾಗಿನಲ್ಲಿ ಆ ಹೊತ್ತಿಗೆ ಒಂದು ಕೋರಿಕೆಯೂ ಇಲ್ಲ, ಆ ಹೊತ್ತಿಗೆ ಕ್ಲಿನಿಕ್ಕೇ ಮುಚ್ಚಿದ ಹಾಗಿತ್ತು. ನಾನು ಕುರ್ಚಿಗೆ ಒರಗಿ ಕೂತು, ಮೃದುವಾಗಿ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದೆ.

“ಚಿಕ್ಕಮ್ಮ, ನೀನು ಬರೆದ ಹೊತ್ತಲ್ಲಿ ಏನೂ ಆಗಿಲ್ಲ. ನಿನಗೆ ಹಾಗೆ ಅನ್ನಿಸಿದೆ ಅಷ್ಟೇ.”

ಅವಳು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದಳು. ಬೆರಳಿಟ್ಟು ಒಂದೊಂದೇ ಸಾಲು ಎಣಿಸುತ್ತ ಓದಿದಳು. ಆಮೇಲೆ, “ಪುಟ್ಟ, ಇದರ ಪ್ರಕಾರ ಬೆಳಗಿನ ಜಾವ ನಾಲ್ಕೂಕಾಲಿಗೆ ಎಂಟನೇ ರೋಗಿನ ಕರ್ದಿದ್ದೀನಿ. ನಾಲ್ಕೂಕಾಲಿಗೆ ಕ್ಲಿನಿಕ್ಕಿನ ಬೀಗದ ಕೈ ನನ್ನ ಚೀಲದಲ್ಲಿರತ್ತೆ, ನಾನು ಹಾಸಿಗೇಲಿರ್ತೀನಿ” ಎಂದಳು.

ಲಾಗಿನ ಗಡಿಯಾರ ಗ್ರೀನಿಚ್ಚಿನದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮೂರಿನ ಸಮಯ ಬರೆ ಅಂತ ಹೇಳದಿದ್ದರೆ ಅದು ಗ್ರೀನಿಚ್ಚಿನ ಸಮಯವನ್ನೇ ಬರೆಯುತ್ತದೆ. ಇದು ನನಗೆ ಗೊತ್ತು, ಹತ್ತು ಜನರಿಗೆ ಹೇಳಿಕೊಟ್ಟಿದ್ದೇನೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಬೇರೆ ಊರಿನ ನಿಜ ಹೇಳುತ್ತಿತ್ತು, ನಾನು ಅದನ್ನು ಹಿಡಿದು ಚಿಕ್ಕಮ್ಮನಿಗೆ ಬುದ್ಧಿ ಭ್ರಮಣೆ ಅಂತ ತೀರ್ಪು ಕೊಟ್ಟಾಗಿತ್ತು. “ಒಂಚೂರು ಸಮಯದ ಲೆಕ್ಕ” ಎಂದು ಗೊಣಗಿ, ಅಂತರವನ್ನು ಕೂಡಿ ಮತ್ತೆ ನೋಡಿದೆ.

ಈಗ ಹೊಂದಿತು. ನಿಮಿಷಕ್ಕೆ ನಿಮಿಷ ಹೊಂದಿತು. ಅವಳು ನಂಬರು ಹಾರಿತು ಎಂದು ಬರೆದ ಸಮಯಕ್ಕೆ ತುಸು ಮುಂಚೆ ‘ಮುಂದೆ’ಗೆ ಒಂದು ಹೆಚ್ಚಿನ ಕೋರಿಕೆ ಬಂದಿತ್ತು. ಅದು ಚಿಕ್ಕಮ್ಮನ ಕಂಪ್ಯೂಟರಿನಿಂದ ಬಂದದ್ದಲ್ಲ. ಕ್ಲಿನಿಕ್ಕಿನ ಹೊರಗಿನ ಯಾವುದೋ ವಿಳಾಸದಿಂದ, ಒಂದು ಫೋನಿನಿಂದ ಬಂದಿತ್ತು.

ನನಗೆ ಆದ ಖುಷಿ ಹೇಳಿ ಪ್ರಯೋಜನವಿಲ್ಲ. ಕಳ್ಳ. ಹೊರಗಿನ ಕಳ್ಳ. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಚಿಕ್ಕಮ್ಮನ ಬೆರಳಿನಲ್ಲೂ ತಪ್ಪಿಲ್ಲ, ನನ್ನ ಸರ್ವರನ್ನು ಹುಡುಕಿಕೊಂಡು ಒಬ್ಬ ಹ್ಯಾಕರ್ ಬಂದಿದ್ದಾನೆ ಅಂದರೆ ಅದೇನು ಸಣ್ಣ ಗೌರವವೇ? ಗುರುವಾರವೂ ಆ ಕಳ್ಳ ಒಂದು ಸಲ ಬಂದು ಹೋಗಿದ್ದ. ವಿಳಾಸ ಬೇರೆ, ಫೋನು ಅದೇ ಮಾದರಿಯದು. ನನ್ನ ಫೋನೂ ಅದೇ ಮಾದರಿ. ಬಡ್ಡಿಮಗನಿಗೆ ಅಭಿರುಚಿ ಇದೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ, ರೋಗಿಗಳ ನಡುವೆ ಐದು ನಿಮಿಷ ಬಿಡುವು ಕೇಳಿಕೊಂಡು ಡಾಕ್ಟರ ಕೋಣೆಗೆ ಹೋದೆ. ಹದಿನಾರನೆಯವರು ಆಗಷ್ಟೇ ಹೊರಗೆ ಹೋಗಿದ್ದರು. ಐದು ನಿಮಿಷ ಯಾರನ್ನೂ ಕರೆಯಬೇಡ ಎಂದು ಚಿಕ್ಕಮ್ಮನಿಗೆ ಹೇಳಿ ಬಾಗಿಲು ಎಳೆದುಕೊಂಡೆ. ಡಾಕ್ಟರ ಪರದೆಯ ಮೇಲೆ ಲಾಗ್ ತೆರೆದಿಟ್ಟೆ. ಗಡಿಯಾರವನ್ನು ಅಷ್ಟರಲ್ಲಿ ನಮ್ಮ ಸಮಯಕ್ಕೆ ತಿರುಗಿಸಿದ್ದೆ, ಹೊಸ ಕೋರಿಕೆ ಬಂದ ಹಾಗೆ ಹೊಸ ಸಾಲು ಕೆಳಗೆ ತಾನಾಗಿ ಬೀಳುವಂತೆಯೂ ಮಾಡಿದ್ದೆ. ಕಳ್ಳನ ವಿಷಯ ವಿವರಿಸಿದೆ. ಡಾಕ್ಟರು ಗಲ್ಲಕ್ಕೆ ಕೈಯಿಟ್ಟು ಕೇಳಿದರು.

“ಕಣ್ಣು ತೋರಿಸ್ಕೊಳ್ಳೋರ ನಂಬರು ಕದ್ದು ಅವನಿಗೇನಪ್ಪಾ ಸಿಗತ್ತೆ?”

“ಇಂಥವರಿಗೆ ಕಾರಣ ಬೇಡ ಡಾಕ್ಟ್ರೇ. ಬರೀ ಹೆಚ್ಚುಗಾರಿಕೆ. ನನ್ನ ಕೈಲಿ ಆಗತ್ತೆ ಅಂತ ನಾಲ್ಕು ಜನರ ಮುಂದೆ ತೋರಿಸ್ಕೊಳ್ಳೋದು.” ನಾನೇ ಹೇಳಿದ ಮಾತಿದು. “ಹೊರಗಿನಿಂದ ಎಷ್ಟು ಸುಲಭವಾಗಿ ಕಾಣತ್ತೆ ಅಂತ ನೋಡಿ” ಎಂದು ಜೇಬಿನಿಂದ ಫೋನು ತೆಗೆದು, ಎಂದಿನ ಪುಟ ತೆರೆದು, ಅವರ ಮುಖದ ಮುಂದೆ ಹಿಡಿದೆ. ಹದಿನೇಳು ಎಂದು ದೊಡ್ಡದಾಗಿ ಹೊಳೆಯಿತು.

ಡಾಕ್ಟರು ಫೋನನ್ನು ನೋಡಲಿಲ್ಲ. ಪರದೆಯನ್ನು ನೋಡುತ್ತಿದ್ದರು. “ಈಗೊಂದು ಸಾಲು ಬಿತ್ತಲ್ಲ” ಎಂದರು. “ಹೊರಗಿನ ವಿಳಾಸ. ಫೋನು. ‘ಮುಂದೆ’. ಹನ್ನೊಂದು ಇಪ್ಪತ್ತು. ಇದು ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಫೋನನ್ನು ಮುಟ್ಟಿ ನೋಡಿಕೊಂಡೆ. ಪುಟದ ತಲೆಯ ಮೇಲಿನ ವಿಳಾಸ ಈಗ ಕಣ್ಣಿಗೆ ಬಿತ್ತು. ಅದು ಬೋರ್ಡಿನ ವಿಳಾಸವಲ್ಲ, ‘ಮುಂದೆ’ಯದು. ಮೊದಲ ದಿನ ಪರೀಕ್ಷೆ ಮಾಡಲು ಫೋನಿನಲ್ಲಿ ನಾನೇ ಆ ವಿಳಾಸ ಬರೆದಿದ್ದೆ. ಆ ಪುಟ ಅಲ್ಲೇ ತೆರೆದುಕೊಂಡು ಉಳಿದಿತ್ತು. ಮತ್ತೆ ಅದನ್ನು ತೆರೆದಾಗಲೆಲ್ಲ ಫೋನು ನಿಯತ್ತಿನಿಂದ ಆ ವಿಳಾಸವನ್ನು ಹೊಸದಾಗಿ ಕೇಳುತ್ತಿತ್ತು, ನನ್ನ ಸರ್ವರ್ ನಿಯತ್ತಿನಿಂದ ಒಂದು ನಂಬರು ಮುಂದೆ ಹಾಕುತ್ತಿತ್ತು. ಬರೀ ನೋಡಿದರೆ ಏನೂ ಬದಲಾಗಬಾರದು ಎಂಬುದು ನಮ್ಮ ಕೆಲಸದ ಒಂದನೇ ಪಾಠ. ನಾನು ಹೋದಲ್ಲೆಲ್ಲ ಬಡಾಯಿ ಕೊಚ್ಚುತ್ತ ಫೋನು ತೆಗೆದು ತೋರಿಸಿದ್ದೆ. ಒಂದೊಂದು ಬಡಾಯಿಗೂ ಒಬ್ಬೊಬ್ಬ ರೋಗಿಯ ಸರದಿ ಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಒಂದು ವಿಷಯ ಇಲ್ಲಿ ಮುಚ್ಚಿಡುವುದಿಲ್ಲ. ನನ್ನ ನಾಲಿಗೆಯ ತುದಿಗೆ ಒಂದು ಸುಳ್ಳು ಬಂದು ನಿಂತಿತ್ತು. “ನೋಡಿ, ಕಳ್ಳ ಮತ್ತೆ ಬಂದ” ಅಂದರೆ ಮುಗಿಯಿತು. ಡಾಕ್ಟರು ನಂಬುತ್ತಾರೆ, ಚಿಕ್ಕಮ್ಮನ ಕೆಲಸ ಉಳಿಯುತ್ತದೆ, ಸಂಜೆ ಆ ಪುಟ ಮುಚ್ಚಿದರೆ ನಂಬರು ಹಾರುವುದೂ ನಿಲ್ಲುತ್ತದೆ, ಕಳ್ಳನನ್ನು ಓಡಿಸಿದ ಕೀರ್ತಿ ನನಗೆ. ಬಾಯಿ ತೆರೆದೂ ಆಗಿತ್ತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ಬ ದಪ್ಪ ಮನುಷ್ಯ ಬಂದ. ಕೈಯಲ್ಲಿ ಹದಿನೇಳನೇ ನಂಬರಿನ ಚೀಟಿ. “ಬೋರ್ಡಲ್ಲಿ ನನ್ನ ನಂಬರು ಬಂದಿದೆ, ಈಯಮ್ಮ ಕೂತ್ಕೊಳ್ಳಿ ಅಂತಾರೆ. ಏನ್ ಆಟ ಆಡ್ತಿದ್ದೀರಾ?” ಅವನ ಹಿಂದೆ ಚಿಕ್ಕಮ್ಮ, ಕೈಯಲ್ಲಿ ನೋಟುಪುಸ್ತಕ. ಅವಳು ಅವನ ಕಡೆ ತಿರುಗಿ, ಎಂದಿನ ಹಾಗೆ, “ನನ್ನ ಕೈ ತಪ್ಪು ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ” ಎಂದಳು. ಆಮೇಲೆ ನನ್ನ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, “ನಾನು ಕೌಂಟರ್ ಹತ್ರಾನೇ ಇರ್ಲಿಲ್ಲ ಕಣೋ, ಹನಿ ಹಾಕ್ತಿದ್ದೆ. ನಾನು ಒತ್ತಿಲ್ಲ” ಎಂದಳು.

ನನಗೆ ಆಗ ತಲೆಗೆ ಹೋಯಿತು. ನಿಧಾನದ ತಲೆ, ಆದರೂ ಹೋಯಿತು.

“ಒತ್ತಿಲ್ಲ ಅಂದ್ಮೇಲೆ ಅವರ ಹತ್ರ ಯಾಕೆ ಹಾಗೆ ಅಂತೀಯ?”

“ಮತ್ತೇನು ಅನ್ಲಿ? ನಮ್ಮ ಹುಡುಗ ಮಾಡಿದ ಯಂತ್ರ ಸರಿ ಇಲ್ಲ ಅಂತ ಬಂದವರ ಮುಂದೆಲ್ಲ ಹೇಳ್ಲಾ? ನಿನ್ನನ್ನ ಕರ್ಕೊಂಡು ಬಂದಿದ್ದು ನಾನು.”

ಎರಡು ವಾರ ಅವಳು ಕಳ್ಳಿ ಅನ್ನಿಸಿಕೊಂಡಿದ್ದು ನನ್ನ ಹೆಸರು ಕೆಡಬಾರದು ಅಂತ. ಆ ಮಾತನ್ನೇ ನಾನು ಅವಳ ತಪ್ಪೊಪ್ಪಿಗೆ ಅಂತ ಹಿಡಿದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಇದಕ್ಕೆ ಬೇರೆ ಪದ ಹುಡುಕುವುದಿಲ್ಲ.

“ಡಾಕ್ಟ್ರೇ, ಕಳ್ಳ ನಾನೇ” ಎಂದೆ. ಹದಿನೇಳನೆಯವನಿಗೂ ಕೇಳಲಿ ಅಂತ ತಿರುಗಿ ಹೇಳಿದೆ. “ಇವರು ಒತ್ತಿಲ್ಲ. ಒಂದು ಸಲಾನೂ ಒತ್ತಿಲ್ಲ. ನಾನು ಫೋನ್ ತೆಗೆದು ತೋರಿಸಿದಾಗೆಲ್ಲ ನಂಬರು ಹಾರಿದೆ.” ಡಾಕ್ಟರು ನಂಬಲಿಲ್ಲ, ಇನ್ನೊಮ್ಮೆ ತೆರೆಯಲು ಹೇಳಿದರು. ತೆರೆದೆ. ಬೋರ್ಡು ಹದಿನೆಂಟಾಯಿತು, ಲಾಗಿನಲ್ಲಿ ಇನ್ನೊಂದು ಸಾಲು ಬಿತ್ತು, ಹೊರಗಿನಿಂದ ಇನ್ನೊಬ್ಬರು ಎದ್ದುಬಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಡಾಕ್ಟರು ಚಿಕ್ಕಮ್ಮನ ಕಡೆ ತಿರುಗಿ, “ತಪ್ಪಾಯ್ತಮ್ಮ. ಆ ಕುರ್ಚಿ ನಿಮ್ಮದೇ” ಎಂದರು. ನನಗೆ, “ನೀವು ಫೋನ್ ಇಲ್ಲಿಟ್ಟು ಕೂತು ಸರಿ ಮಾಡಿ” ಎಂದರು. ಸರಿ ಮಾಡಲು ಒಂದು ತಾಸು ಹಿಡಿಯಿತು. ನೋಡಿದರೆ ನಂಬರು ಬದಲಾಗುವುದಿಲ್ಲ, ಚಿಕ್ಕಮ್ಮನ ಕಂಪ್ಯೂಟರಿನಿಂದ ಗುಂಡಿ ಒತ್ತಿದರೆ ಮಾತ್ರ ಬದಲಾಗುತ್ತದೆ. ಅವಳ ಪರದೆಯ ಮೇಲೂ ನಂಬರು ಕಾಣುತ್ತದೆ. ಹಿಂದಕ್ಕೆ ಬರಲು ಒಂದು ಗುಂಡಿ. ಅವಳು ಮೊದಲ ದಿನ ಕೇಳಿದ್ದನ್ನೇ ಮಾಡಿದೆ, ಬುದ್ಧಿವಂತಿಕೆಯಿಂದ ಒಂದಕ್ಷರ ಸೇರಿಸಲಿಲ್ಲ.

ಮಧ್ಯಾಹ್ನ ಅವಳ ಪಕ್ಕ ಕೂತು ನೋಟುಪುಸ್ತಕದ ಹಳೆಯ ಸಾಲುಗಳನ್ನು ಓದಿದೆ. ಲಾಗ್ ಇಲ್ಲದ ದಿನಗಳಿಗೆ ನನ್ನ ನೆನಪೇ ಲಾಗಾಯಿತು. ಇಪ್ಪತ್ತೆರಡು, 'ಮಗುವಿನ ತಾಯಿ': ಆ ಹೊತ್ತು ನಾನು ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸುತ್ತಿದ್ದೆ. ಒಂಬತ್ತು, 'ಲಾರಿ ಡ್ರೈವರು': ಕಚೇರಿಯ ಊಟದ ಮೇಜು. ಮೂವತ್ತೊಂದರ ಮುಂದೆ ಮಾತ್ರ ಎರಡು ಸಾಲು ಬರೆದಿದ್ದಳು. 'ದರ್ಜಿ ಯಜಮಾನರು. ಹೊಸ ಚೀಟಿ ತಗೊಳ್ಳಲಿಲ್ಲ, ಎದ್ದು ಹೋದರು. ಮತ್ತೆ ಬಂದಿಲ್ಲ.' ಆ ಹೊತ್ತು ನಾನು ಹೆಂಡತಿಯ ತಮ್ಮನಿಗೆ ತೋರಿಸುತ್ತಿದ್ದೆ. ಅವನು ಆಕಳಿಸಿದ್ದು ಕೂಡ ನೆನಪಿದೆ.

“ಚಿಕ್ಕಮ್ಮ, ತಪ್ಪಾಯ್ತು” ಎಂದೆ.

“ನನ್ನ ಹತ್ರ ತಪ್ಪು ಗಿಪ್ಪು ಬೇಡ. ಅವರನ್ನ ಕರ್ಕೊಂಡು ಬಾ. ಕಣ್ಣಲ್ಲಿ ಒತ್ತಡ ಇದೆ ಅವರಿಗೆ, ತಿಂಗಳಿಗೊಂದ್ಸಲ ತೋರಿಸ್ಲೇಬೇಕು. ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಬರ್ತಿಲ್ಲ.”

ದರ್ಜಿಯ ಅಂಗಡಿ ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಸಣ್ಣ ಕೋಣೆ. ಶನಿವಾರ ಬೆಳಿಗ್ಗೆ ಹೋದಾಗ ಅವರು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದರು. ಎರಡು ಸಲ ತಪ್ಪಿತು. ಕ್ಲಿನಿಕ್ಕಿನಿಂದ ಬಂದೆ ಅಂದ ಕೂಡಲೇ ಮುಖ ಬಿಗಿದುಕೊಂಡರು. “ಆಯಮ್ಮ ಇಷ್ಟು ವರ್ಷದ ಪರಿಚಯ. ನನ್ನ ಕೂರಿಸಿ ಬೇರೆಯವರನ್ನ ಒಳಗೆ ಬಿಟ್ರು. ಬೇರೆ ಡಾಕ್ಟ್ರು ಸಿಗಲ್ವಾ ನನಗೆ.”

ನಾನು ವಿವರಿಸತೊಡಗಿದೆ. ಸರ್ವರ್ ಅಂದೆ, ಕೋರಿಕೆ ಅಂದೆ, ಫೋನು ಪುಟವನ್ನು ಹೊಸದಾಗಿ ಕೇಳುವ ಕ್ರಮ ಅಂದೆ. ಅವರು ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದರು. ಕೊನೆಗೆ ಸಾಕಾಯಿತು.

“ಯಜಮಾನ್ರೇ, ನಾನು ಬಡಾಯಿ ಕೊಚ್ಚಿಕೊಳ್ತಿದ್ದೆ. ಅದರಲ್ಲಿ ನಿಮ್ಮ ನಂಬರು ಹೋಯ್ತು. ಅವರದು ಏನೂ ತಪ್ಪಿಲ್ಲ.”

ಯಂತ್ರ ನಿಂತಿತು. “ಆಯಮ್ಮ ಒತ್ತಿಲ್ವಾ?”

“ಒತ್ತಿಲ್ಲ.”

“ಮೊದಲೇ ಹಾಗೆ ಹೇಳೋದಲ್ವಾ” ಎಂದು ಎದ್ದು ಅಂಗಡಿಗೆ ಬೀಗ ಹಾಕಿದರು. ದಾರಿಯಲ್ಲಿ ಬೋರ್ಡಿನ ವಿಷಯ ಬಂದಾಗ, “ಅಲ್ಲಿ ಬೋರ್ಡ್ ಬೇರೆ ಇದೆಯಾ?” ಎಂದು ಕೇಳಿದರು. ಹನಿ ಹಾಕಿಸಿಕೊಂಡು ಮಂಜುಗಣ್ಣಲ್ಲಿ ಕೂತವರಿಗೆ ನನ್ನ ತೆಳ್ಳನೆಯ ಸೊಗಸಾದ ಅಂಕಿಗಳು ಕಾಣುತ್ತಲೇ ಇರಲಿಲ್ಲ. ಅವರೆಲ್ಲ ಮೊದಲಿಂದಲೂ ಚಿಕ್ಕಮ್ಮನ ದನಿಯನ್ನೇ ನಂಬಿ ಕೂತಿದ್ದವರು.

ಚಿಕ್ಕಮ್ಮ ಅವರನ್ನು ನೋಡಿ ಎದ್ದು ನಿಂತಳು. ದರ್ಜಿ ಕೌಂಟರಿನ ಮೇಲೆ ಕೈಯಿಟ್ಟು, “ತಪ್ಪು ತಿಳ್ಕೊಂಡಿದ್ದೆ ತಾಯಿ” ಎಂದರು. ಅವಳು ಕಣ್ಣೊರೆಸಿಕೊಂಡಳು, ನೋಟುಪುಸ್ತಕ ತೆಗೆದು ಮೂವತ್ತೊಂದರ ಎರಡೂ ಸಾಲುಗಳ ಮೇಲೆ ಗೆರೆ ಎಳೆದಳು. ಅವರಿಗೆ ಚೀಟಿ ಕೊಟ್ಟಳು. ಆಮೇಲೆ ನನಗೂ ಒಂದು ಚೀಟಿ ಹರಿದು ಕೊಟ್ಟಳು. ನಲವತ್ತಮೂರು.

“ನನಗ್ಯಾಕೆ?”

“ನಿನ್ನ ಕಣ್ಣೂ ಒಂದ್ಸಲ ತೋರಿಸ್ಕೋ. ಕೂತ್ಕೋ, ಸರದಿ ಬಂದಾಗ ಕರೀತೀನಿ.”

ಕೂತೆ. ಎರಡೂವರೆ ತಾಸು ಕೂತೆ. ಬೆಂಚಿನ ಮೂಲೆಯಲ್ಲಿ ಒಂದು ಮೊಳೆ ಇದೆ, ಹೇಗೆ ಕೂತರೂ ಚುಚ್ಚುತ್ತದೆ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಫೋನು ಮುಟ್ಟಲಿಲ್ಲ. ಮೂವತ್ತೆಂಟು ಆಯಿತು, ನಲವತ್ತು ಆಯಿತು, ನಲವತ್ತೆರಡನೆಯವರು ಹೊರಗೆ ಬಂದರು. ನಾನು ಎದ್ದು ಅಂಗಿ ಸರಿಮಾಡಿಕೊಂಡೆ.

“ನಲವತ್ತನಾಲ್ಕು” ಎಂದು ಚಿಕ್ಕಮ್ಮ ಕೂಗಿದಳು.

ಒಬ್ಬ ಅಜ್ಜಿ ನನ್ನನ್ನು ದಾಟಿ ಒಳಗೆ ಹೋದರು. ನಾನು ಚೀಟಿ ಹಿಡಿದು ಕೌಂಟರಿಗೆ ಬಂದೆ. “ಚಿಕ್ಕಮ್ಮ, ನಂದು ನಲವತ್ತಮೂರು.”

“ಅಯ್ಯೋ, ನನ್ನ ಕೈ ತಪ್ಪು” ಎಂದಳು. “ಬೇಜಾರು ಮಾಡ್ಕೋಬೇಡಿ.”

“ಹಿಂದಕ್ಕೆ ಬರೋ ಗುಂಡಿ ಹಾಕಿಕೊಟ್ಟಿದ್ದೀನಲ್ಲ.”

“ಹಾಕಿದ್ದೀಯ. ಆದ್ರೆ ಕ್ಯೂ ಅಂದ್ರೆ ಮುಂದೆ ಹೋಗೋದು ಅಲ್ವೇನೋ” ಎಂದು ಹೊಸ ಚೀಟಿ ಹರಿದು ಕೈಗಿಟ್ಟಳು. ನಲವತ್ತೊಂಬತ್ತು.

ಮತ್ತೆ ಹೋಗಿ ಮೊಳೆಯ ಪಕ್ಕ ಕೂತೆ. ಸಂಜೆ ಬೀಗ ಹಾಕುವ ಮುಂಚೆ ಲಾಗ್ ತೆರೆದು ನೋಡಿದೆ. ಒಂದು ಗಂಟೆ ಐದು ನಿಮಿಷಕ್ಕೆ, ಚಿಕ್ಕಮ್ಮನ ಕಂಪ್ಯೂಟರಿನಿಂದ, ಒಂದು ಸೆಕೆಂಡಿನ ಅಂತರದಲ್ಲಿ ‘ಮುಂದೆ’, ‘ಮುಂದೆ’ ಎಂದು ಎರಡು ಸಾಲು ಇದ್ದವು. ಈ ಸಲ ಒತ್ತಿದ್ದು ಅವಳೇ. ನಾನು ಯಾರಿಗೂ ತೋರಿಸಲಿಲ್ಲ.